ತೂಕ ಇಳಿಸೋ ಗುಳಿಗಿ ತಗೊಂಡು ದಮ್ಮು ಹತ್ತಿದರೆ ಏನು ಮಾಡಬೇಕು? ಆಸ್ಪತ್ರೆಯಿಂದ ಗ್ರಾಹಕ ಆಯೋಗದವರೆಗೆ ಪೂರ್ತಿ ಮಾಹಿತಿ

ದೇವರ ಹಿಪ್ಪರಗಿ: ಮದುವೆ ಸೀಸನ್ ಬಂತಂದ್ರೆ ವಾಟ್ಸಪ್ ಸ್ಟೇಟಸ್ ತುಂಬ ತೂಕ ಇಳಿಸೋ ಪುಡಿ, ಕ್ಯಾಪ್ಸೂಲ್, ಚಹಾದ ಜಾಹೀರಾತು. "ಪೂರ್ತಿ ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ" ಅಂತಾರೆ. ತಗೊಂಡವರಿಗೆ ಕೆಲವು ತಿಂಗಳಾದ ಮೇಲೆ ಮೆಟ್ಟಿಲು ಹತ್ತುವಾಗ ದಮ್ಮು ಹತ್ತಿದರೆ "ನಿಶ್ಶಕ್ತಿ" ಅಂತ ಬಿಡ್ತಾರೆ. ಖಾಲಿ ಡಬ್ಬಿ ಕಸಕ್ಕೆ ಹೋಗುತ್ತೆ, ಬಿಲ್ ಮೊದಲೇ ಇರೋದಿಲ್ಲ. ಮುಂದೆ ದೊಡ್ಡ ರೋಗ ಅಂತ ಗೊತ್ತಾದಾಗ ಕಾನೂನು ಇದ್ದರೂ ಕೈಯಲ್ಲಿ ಪುರಾವೆ ಇರೋದಿಲ್ಲ. ಅದಕ್ಕೇ ಈ ಮಾಹಿತಿ.

ಏನಿದು ರೋಗ?

ಹೆಸರು ಪಲ್ಮನರಿ ಹೈಪರ್‌ಟೆನ್ಷನ್. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಒತ್ತಡ ಏರೋದು. ತೋಳಿಗೆ ಪಟ್ಟಿ ಕಟ್ಟಿ ನೋಡೋ ಬಿ.ಪಿ.ಯಲ್ಲಿ ಇದು ಗೊತ್ತಾಗೋದಿಲ್ಲ. ಬಿ.ಪಿ. ನಾರ್ಮಲ್ ಇದ್ದರೂ ಈ ರೋಗ ಇರಬಹುದು. ನಾಳಗಳು ಸಣ್ಣಗಾದಷ್ಟೂ ಹೃದಯದ ಬಲಭಾಗಕ್ಕೆ ಕೆಲಸ ಹೆಚ್ಚಾಗಿ ಕೊನೆಗೆ ಅದು ಸೋಲುತ್ತೆ.

ಲಕ್ಷಣಗಳು: ನಡೆದರೆ ದಮ್ಮು, ಸುಸ್ತು, ಎದೆನೋವು, ಕಾಲು ಬಾವು, ತಲೆ ಸುತ್ತಿ ಬೀಳೋದು. ಮೊದಲ ಪರೀಕ್ಷೆ ಎಕೋ. ಖಚಿತ ಮಾಡಲು ಹೃದಯದ ಬಲಭಾಗಕ್ಕೆ ಸಣ್ಣ ನಳಿಕೆ ಹಾಕಿ ಒತ್ತಡ ಅಳೀತಾರೆ. ಸರಾಸರಿ 20 ಮಿ.ಮೀ. ದಾಟಿದರೆ ರೋಗ ಅಂತ ಲೆಕ್ಕ. ವಿಜಯಪುರದ ದೊಡ್ಡ ಆಸ್ಪತ್ರೆಗಳಲ್ಲಿ ಎಕೋ ಆಗುತ್ತೆ. ಹೆಚ್ಚಿನ ಹೃದಯ ಚಿಕಿತ್ಸೆಗೆ ಕಲಬುರಗಿಯಲ್ಲಿ ಸರ್ಕಾರದ ಜಯದೇವ ಆಸ್ಪತ್ರೆ ಇದೆ.

ಒಂದು ಮಾತು ನೆನಪಿರಲಿ. ದಮ್ಮು ಹತ್ತಿದವರಿಗೆಲ್ಲ ಗುಳಿಗಿಯೇ ಕಾರಣ ಅಲ್ಲ. ಹೃದಯದ ಕವಾಟದ ತೊಂದರೆ, ಹಳೇ ಶ್ವಾಸಕೋಶದ ರೋಗ, ರಕ್ತಹೀನತೆಯಿಂದಲೂ ಬರುತ್ತೆ. ಅದನ್ನ ಡಾಕ್ಟರೇ ಹೇಳಬೇಕು. ನೀವು ಮಾಡಬೇಕಾದ್ದು, ಏನೇನು ತಗೊಂಡಿದ್ದೀರಿ ಅಂತ ಮುಚ್ಚಿಡದೆ ಹೇಳೋದು.

ಹೊರದೇಶದಲ್ಲಿ ಏನಾಯ್ತು?

1960ರ ದಶಕದಲ್ಲಿ ಯುರೋಪಿನಲ್ಲಿ ಅಮಿನೋರೆಕ್ಸ್ ಅನ್ನೋ ಹಸಿವು ಕಡಿಮೆ ಮಾಡೋ ಗುಳಿಗಿಯಿಂದ ಈ ರೋಗ ಹಬ್ಬಿತ್ತು. ಆಮೇಲೆ ಫೆನ್‌ಫ್ಲೂರಮಿನ್ ಬಂತು. ಇಂಥ ಗುಳಿಗಿ ಮೂರು ತಿಂಗಳಿಗಿಂತ ಹೆಚ್ಚು ತಗೊಂಡವರಲ್ಲಿ ರೋಗದ ಸಾಧ್ಯತೆ 20 ಪಟ್ಟಿಗೂ ಜಾಸ್ತಿ ಅಂತ 1996ರ ಅಧ್ಯಯನ ಹೇಳಿತು. 1997ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಅದನ್ನ ಮಾರುಕಟ್ಟೆಯಿಂದ ಹಿಂದಕ್ಕೆ ತಗೊಂಡರು. 1999ರಲ್ಲಿ ಕಂಪನಿ 375 ಕೋಟಿ ಡಾಲರ್ ಒಪ್ಪಂದಕ್ಕೆ ಬಂತು.

ಫ್ರಾನ್ಸ್‌ನಲ್ಲಿ ಮೀಡಿಯೇಟರ್ ಅನ್ನೋ ಸಕ್ಕರೆ ಕಾಯಿಲೆ ಗುಳಿಗಿಯನ್ನ ತೂಕ ಇಳಿಸಲು ಬರೆದುಕೊಡ್ತಿದ್ದರು. ಶ್ವಾಸಕೋಶ ತಜ್ಞೆ ಇರೆನ್ ಫ್ರಾಶೊಂ ಬೆನ್ನುಹತ್ತಿದ ಮೇಲೆ 2009ರಲ್ಲಿ ಅದು ನಿಂತಿತು. 2021ರಲ್ಲಿ ಕಂಪನಿಗೆ ಶಿಕ್ಷೆ ಆಯ್ತು. ಅವರಿಗೆ ಬಲ ಕೊಟ್ಟದ್ದು ರೋಗಿಗಳ ಹಳೇ ಆಸ್ಪತ್ರೆ ದಾಖಲೆಗಳೇ.

ನಮ್ಮ ದೇಶದಲ್ಲಿ ಸಿಬುಟ್ರಮಿನ್ ಅನ್ನೋ ತೂಕದ ಔಷಧಿಯನ್ನ 2011ರ ಫೆಬ್ರವರಿಯಲ್ಲಿ ನಿಷೇಧಿಸಿದರು. ಅದು ಹೃದಯಾಘಾತ, ಪಾರ್ಶ್ವವಾಯುವಿಗೆ ದಾರಿ. ಆದರೆ "ಗಿಡಮೂಲಿಕೆ" ಅಂತ ಮಾರೋ ಡಬ್ಬಿಗಳಲ್ಲಿ ಇದನ್ನ ಗುಟ್ಟಾಗಿ ಬೆರೆಸಿದ್ದು ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. 2025ರಲ್ಲಿ ಬಂದ ಮೌಂಜಾರೋ, ವೆಗೋವಿ ಬೇರೆ ಜಾತಿಯ ಔಷಧಿ. ಅವನ್ನೂ ಡಾಕ್ಟರ್ ಚೀಟಿ ಇಲ್ಲದೆ ಕೊಳ್ಳಬಾರದು, ಮಾರಬಾರದು.

ಕಾನೂನು ಏನು ಹೇಳುತ್ತೆ?

1. ಗ್ರಾಹಕ ಸಂರಕ್ಷಣಾ ಕಾಯ್ದೆ 2019: ಕೆಟ್ಟ ಸರಕಿನಿಂದ ಹಾನಿಯಾದರೆ ತಯಾರಕರ ಮೇಲೆ ಪರಿಹಾರದ ದಾವೆ ಹಾಕಬಹುದು. ಆನ್‌ಲೈನ್‌ನಲ್ಲಿ ಕೊಂಡಿದ್ದರೂ ನೀವು ವಾಸ ಇರೋ ಜಿಲ್ಲೆಯಲ್ಲೇ, ಅಂದ್ರೆ ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಸರಕಿಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಲೆಕ್ಕ ಹಿಡಿಯೋದು ಡಬ್ಬಿಯ ಬೆಲೆ, ನೀವು ಕೇಳೋ ಪರಿಹಾರ ಅಲ್ಲ. ವಕೀಲರು ಕಡ್ಡಾಯ ಅಲ್ಲ. ಗಡುವು ಎರಡು ವರ್ಷ. ತಡವಾದರೆ ಕಾರಣ ಕೊಟ್ಟು ಒಪ್ಪಿಸಬೇಕಾಗುತ್ತೆ.

2. ಆಹಾರ ಸುರಕ್ಷತಾ ಕಾಯ್ದೆ 2006: ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಅದು ಆಹಾರ, ಔಷಧಿ ಅಲ್ಲ. ಅದರಿಂದ ಸಾವಾದರೆ ಕನಿಷ್ಠ 5 ಲಕ್ಷ, ಗಂಭೀರ ಹಾನಿಗೆ 3 ಲಕ್ಷದವರೆಗೆ, ಬೇರೆ ಹಾನಿಗೆ 1 ಲಕ್ಷದವರೆಗೆ ಪರಿಹಾರ ಉಂಟು.

3. ಔಷಧ ಮತ್ತು ಕಾಂತಿವರ್ಧಕ ಕಾಯ್ದೆ 1940: ಕೊಂಡವರೇ ಶುಲ್ಕ ಕಟ್ಟಿ ಔಷಧಿಯನ್ನ ಸರ್ಕಾರಿ ಪ್ರಯೋಗಾಲಯಕ್ಕೆ ಪರೀಕ್ಷೆಗೆ ಕೊಡಬಹುದು. ಬೆರಕೆ ಔಷಧಿಯಿಂದ ಸಾವು, ಗಂಭೀರ ಹಾನಿ ಆದರೆ ಕನಿಷ್ಠ 10 ವರ್ಷ ಜೈಲು, 10 ಲಕ್ಷಕ್ಕೆ ಕಡಿಮೆ ಇಲ್ಲದ ದಂಡ. ಆ ದಂಡದ ಹಣ ಸಂತ್ರಸ್ತರಿಗೆ ಹೋಗಬೇಕು.

4. ಜಾಹೀರಾತು: 1954ರ ಕಾಯ್ದೆಯ ಪಟ್ಟಿಯಲ್ಲಿ ಬೊಜ್ಜೂ ಇದೆ. ಬೊಜ್ಜು ವಾಸಿ ಮಾಡೋ ಔಷಧಿ ಅಂತ ಜಾಹೀರಾತು ಕೊಡೋದೇ ಅಪರಾಧ.

ಅಂಗಡಿಯವರು ಗಮನಿಸಿ

ಮಾರಿದ್ದಕ್ಕೇ ನೀವು ಹೊಣೆ ಅಂತಲ್ಲ. ಆದರೆ ತಯಾರಕ ಯಾರು ಅಂತ ಗೊತ್ತಿಲ್ಲದ ಸರಕು ಇಟ್ಟರೆ, ಅಥವಾ "ನಂದು ಗ್ಯಾರಂಟಿ" ಅಂತ ನೀವೇ ಹೇಳಿ ಮಾರಿದ ಸರಕು ಆ ಮಾತಿಗೆ ತಕ್ಕಂತೆ ಇಲ್ಲದೆ ಹಾನಿಯಾದರೆ, ಪರಿಹಾರ ನಿಮ್ಮ ತಲೆಗೆ ಬರುತ್ತೆ. ಏಜೆಂಟ್ ಬಿಲ್ ಕೊಡದಿದ್ದರೆ ಮಾಲು ಇಳಿಸಿಕೊಳ್ಳಬೇಡಿ.

ಇವತ್ತೇ ಮಾಡಬೇಕಾದ್ದು

* ಆ ಪುಡಿ, ಗುಳಿಗಿ ನಿಲ್ಲಿಸಿ. ಡಾಕ್ಟರ್ ಬರೆದ ಔಷಧಿ ಆದರೆ ಅವರನ್ನ ಕೇಳಿ ನಿಲ್ಲಿಸಿ.
* ಉಳಿದ ಗುಳಿಗಿ, ಡಬ್ಬಿ, ಲೇಬಲ್ ಎಸೀಬೇಡಿ. ಬ್ಯಾಚ್ ನಂಬರಿನ ಫೋಟೋ ತಗೊಳ್ಳಿ.
* ಬಿಲ್ ಇಲ್ಲದಿದ್ದರೆ ಫೋನ್‌ಪೇ ದಾಖಲೆ, ವಾಟ್ಸಪ್ ಮಾತುಕತೆ ಉಳಿಸಿಕೊಳ್ಳಿ.
* ಯಾವ ಔಷಧಿ, ಎಷ್ಟು ತಿಂಗಳು ತಗೊಂಡಿದ್ದು ಅಂತ ಆಸ್ಪತ್ರೆ ಚೀಟಿಯಲ್ಲಿ ಬರೆಸಿ.

ಔಷಧಿ ಅಡ್ಡಪರಿಣಾಮ ತಿಳಿಸಲು 1800-180-3024, ಗ್ರಾಹಕ ಸಹಾಯವಾಣಿ 1915, ಉಚಿತ ಕಾನೂನು ನೆರವು 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕೋರ್ಟ್‌ಗಳಲ್ಲಿರೋ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಬಿಳಿ ಹಾಳೆ ಮೇಲೆ ಅರ್ಜಿ ಬರೆದುಕೊಟ್ಟರೂ ಸಾಕು.