ಅಭಿಷೇಕವೋ ಅಭ್ಯಂಜನವೋ

‘ಅಭಿಷೇಕ’ ಎಂದರೆ ನಮ್ಮ ಕಿವಿಗೆ ಧಾರೆಯ ಸದ್ದು. ಲಿಂಗದ ನೆತ್ತಿಯ ಮೇಲೆ ತಾಮ್ರದ ಪಾತ್ರೆಯಿಂದ ತೊಟ್ಟಿಕ್ಕುವ ನೀರು, ಶ್ರವಣಬೆಳಗೊಳದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಗೊಮ್ಮಟನ ಮೈಮೇಲೆ ಇಳಿಯುವ ಹಾಲು, ಅರಿಸಿನ, ಚಂದನ. ಸಿನಿಮಾ ಬಿಡುಗಡೆಯ ಶುಕ್ರವಾರ ಕಟೌಟಿನ ಮೇಲೆ ಸುರಿಯುವ ಪ್ಯಾಕೆಟ್ ಹಾಲಿಗೂ ಇದೇ ಹೆಸರು. ಹೊತ್ತುಮೀರಿ ಮನೆಗೆ ಬಂದವನಿಗೆ ಆಗುವ ಬೈಗುಳದ ಸ್ವಾಗತವೂ ಅಭಿಷೇಕವೇ. ಪದದ ಬೇರು ‘ಸಿಚ್’, ಅಂದರೆ ಚಿಮುಕಿಸು, ಸುರಿ. ಸುರಿಯಬೇಕಾದರೆ ಕೆಳಗಿರುವವನ ತಲೆ ಎತ್ತರದ್ದಾಗಿರಬೇಕು: ದೇವರು, ಅರಸು, ಸಿನಿಮಾ ನಾಯಕ.

ಬೈಬಲ್ಲಿನ ಅಭಿಷೇಕದ ಒಳಗಿರುವುದು ನೀರಲ್ಲ, ಹಾಲಲ್ಲ, ಎಣ್ಣೆ. ಹೀಬ್ರೂವಿನ ‘ಮಷಹ್’ ಎಂದರೆ ಹಚ್ಚು, ಸವರು. ಹಚ್ಚಿಸಿಕೊಂಡವನು ‘ಮಷಿಯಹ್’. ಗ್ರೀಕರು ಅದನ್ನು ‘ಕ್ರಿಸ್ತೋಸ್’ ಮಾಡಿಕೊಂಡರು. ‘ಕ್ರಿಸ್ತ’ ಎಂಬುದು ಯೇಸುವಿನ ಮನೆತನದ ಹೆಸರೇನೂ ಅಲ್ಲ, ಎಣ್ಣೆ ಹಚ್ಚಿಸಿಕೊಂಡವನು ಎಂಬ ಬಿರುದು. ಕೇರಳದ ಸಿರಿಯನ್ ಕ್ರೈಸ್ತರು ಇಂದಿಗೂ ‘ಈಶೋ ಮಿಶಿಹಾ’ ಎನ್ನುತ್ತಾರೆ. ಮೈಗೆ, ತಲೆಗೆ ಎಣ್ಣೆ ಹಚ್ಚುವುದಕ್ಕೆ ಕನ್ನಡದಲ್ಲಿ ಪದ ಇಲ್ಲದೆ ಇರಲಿಲ್ಲ. ‘ಅಭ್ಯಂಜನ’ ಇತ್ತು, ಯುಗಾದಿಗೂ ದೀಪಾವಳಿಗೂ ಇವತ್ತಿಗೂ ಇದೆ. ಆದರೆ ನಾವಿಂದು ಓದುವ ಕನ್ನಡ ಬೈಬಲ್‌ನಲ್ಲಿ ಅರಸನ ತಲೆಗೂ ಯಾಜಕನ ತಲೆಗೂ ಆಗುವುದು ಅಭಿಷೇಕ. ಮಲಯಾಳದಲ್ಲೂ ಅಷ್ಟೆ. ಬಚ್ಚಲುಮನೆಯ ಪದ ಹೊರಗುಳಿಯಿತು, ಗರ್ಭಗುಡಿಯ ಮತ್ತು ಸಿಂಹಾಸನದ ಪದ ಒಳಗೆ ಬಂತು. ಹೀಗಾದದ್ದರಿಂದ ಏನಾಯಿತು ಎಂದು ನೋಡುವುದಕ್ಕೆ ಕೊಚ್ಚಿಯಿಂದ ತಿರುವನಂತಪುರದವರೆಗಿನ ಕರಾವಳಿಗಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ.

ಎಣ್ಣೆಗೆ ಬೇಲಿ ಹಾಕುವ ಕೆಲಸ ಮೋಶೆಯ ಕಾಲದಲ್ಲೇ ಶುರುವಾಗಿತ್ತು, ನಿಜ. ವಿಮೋಚನಕಾಂಡದ ಮೂವತ್ತನೆಯ ಅಧ್ಯಾಯದಲ್ಲಿ ಪವಿತ್ರ ತೈಲದ ಪಾಕವೇ ಇದೆ: 500 ಶೆಕೆಲ್ ರಕ್ತಬೋಳ, 250 ಶೆಕೆಲ್ ದಾಲ್ಚಿನ್ನಿ, ಅಷ್ಟೇ ತೂಕದ ಪರಿಮಳದ ಬಜೆ, 500 ಶೆಕೆಲ್ ಲವಂಗಪಟ್ಟೆಯ ಜಾತಿಯ ಇನ್ನೊಂದು ಚಕ್ಕೆ, ಇವಕ್ಕೆಲ್ಲ ಒಂದು ಹಿನ್ ಆಲಿವ್ ಎಣ್ಣೆ. ಹೊರಗಿನವರಿಗೆ ಇದನ್ನು ಹಚ್ಚಿದವನನ್ನು ಕುಲದಿಂದ ತೆಗೆದುಹಾಕಬೇಕು ಎಂಬ ಕಟ್ಟಪ್ಪಣೆಯೂ ಜೊತೆಗಿದೆ. ಮಟ್ಟಾಂಚೇರಿಯ ಮಸಾಲೆ ಮಂಡಿಯಲ್ಲಿ ಓಡಾಡಿದವರಿಗೆ ಈ ಪಟ್ಟಿಯ ಅರ್ಧ ಪರಿಮಳ ಪರಿಚಿತ. ಆಲಿವ್ ಮಾತ್ರ ಮಲಬಾರಿನ ಮಣ್ಣಿನದಲ್ಲ. ಇಲ್ಲಿನ ಎಣ್ಣೆ ತೆಂಗಿನದು, ಎಳ್ಳಿನದು.

ಈ ವ್ಯತ್ಯಾಸ ಜಗಳಕ್ಕೆ ಬಂದದ್ದು 1599ರಲ್ಲಿ. ಗೋವೆಯ ಆರ್ಚ್‌ಬಿಷಪ್ ಅಲೆಕ್ಸೊ ದ ಮೆನೆಜೆಸ್ ಆ ವರ್ಷದ ಜೂನಿನಲ್ಲಿ ಕೊಚ್ಚಿಯ ಬಳಿಯ ಉದಯಂಪೇರೂರಿನಲ್ಲಿ ಸಂತ ಥೋಮಾ ಕ್ರೈಸ್ತರ, ಅಂದರೆ ಸಿರಿಯನ್ ಕ್ರೈಸ್ತರ, ಮಹಾಸಭೆ ಕರೆದ. ಸ್ಥಳೀಯರ ನಡಾವಳಿಯಲ್ಲಿ ರೋಮ್‌ಗೆ ಒಪ್ಪದ್ದನ್ನೆಲ್ಲ ತಿದ್ದುವುದು ಅವನ ಉದ್ದೇಶ. ಎಣ್ಣೆಯ ವಿಷಯದಲ್ಲಿ ಸಭೆಯ ಕಟ್ಟಳೆಗಳು ಆಡುವ ದೂರು ಸ್ವಾರಸ್ಯದ್ದು. ಇವರಲ್ಲಿ ದೃಢೀಕರಣ ಸಂಸ್ಕಾರ ಗೊತ್ತಿಲ್ಲ, ಸಾಯುವವರಿಗೆ ಎಣ್ಣೆ ಹಚ್ಚುವ ಸಂಸ್ಕಾರವೂ ಇಲ್ಲ, ಮಗುವಿಗೆ ಜ್ಞಾನಸ್ನಾನವಾದ ಮೇಲೆ ಮಂತ್ರಿಸದ ತೆಂಗಿನೆಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಮೈತುಂಬ ತೀಡಿ ಅದೇ ಪವಿತ್ರ ತೈಲವೆಂದು ತಿಳಿಯುತ್ತಾರೆ ಎಂಬುದು ದೂರಿನ ಸಾರ. ಇನ್ನು ಮುಂದೆ ಬಿಷಪ್ಪರು ಆಶೀರ್ವದಿಸಿದ ತೈಲವೇ ಆಗಬೇಕೆಂದು ಕಟ್ಟಳೆಯಾಯಿತು.

ದೂರು ಕೊಟ್ಟವರ ಕಣ್ಣಿಗೆ ಅದು ಅಜ್ಞಾನವಾಗಿ ಕಂಡಿರಬಹುದು. ನನಗೆ ಕಾಣುವುದು ಒಂದು ಅಭ್ಯಂಜನ. ಹುಟ್ಟಿದ ಕೂಸಿಗೆ ಊರಿನ ಗಾಣದ ಎಣ್ಣೆ ತೀಡಿ ‘ಇದು ದೇವರ ಕೂಸು’ ಎಂದುಕೊಂಡ ಜನರಿಗೆ ಎಣ್ಣೆ ಎಲ್ಲಿಂದ ಬಂತು, ಯಾರು ಮಂತ್ರಿಸಿದರು ಎಂಬುದು ಪ್ರಶ್ನೆಯೇ ಆಗಿರಲಿಲ್ಲ.

ಮಹಾಸಭೆಗೆ ಮುಂಚೆ ಮೆನೆಜೆಸ್ ಊರೂರು ತಿರುಗಿ ದೃಢೀಕರಣ ಕೊಡಲು ಹೊರಟಿದ್ದ. ಅವನ ಪ್ರವಾಸದ ಕಥೆಯನ್ನು ಆಗಸ್ಟೀನಿಯನ್ ಸನ್ಯಾಸಿ ಆಂಟೋನಿಯೊ ದ ಗುವೇಯ ಬರೆದು 1606ರಲ್ಲಿ ಕೊಯಿಂಬ್ರದಲ್ಲಿ ಅಚ್ಚು ಹಾಕಿಸಿದ. ಪರವೂರಿನ ಕ್ರೈಸ್ತರು ಮೆನೆಜೆಸನಿಗೆ ಹಣೆಯೊಡ್ಡಲು ಒಪ್ಪಲಿಲ್ಲವಂತೆ. ಹಣೆಗೆ ಎಣ್ಣೆಯಲ್ಲಿ ಗುರುತು ಹಾಕಿ, ಕೆನ್ನೆಗೊಂದು ಹಗುರ ಏಟು ಕೊಡುವುದು ಆಗಿನ ಲ್ಯಾಟಿನ್ ಪದ್ಧತಿ. ಇದು ತಮ್ಮನ್ನು ಪೋರ್ಚುಗೀಸರ ಗುಲಾಮರನ್ನಾಗಿಸುವ ಮುದ್ರೆ ಎಂಬುದು ಅವರ ಗುಮಾನಿ; ಮನೆಯ ಹೆಂಗಸರ ಮುಖವನ್ನು ಪರಕೀಯನೊಬ್ಬ ಮುಟ್ಟುವುದಂತೂ ದೂರದ ಮಾತು. ಶಾಸ್ತ್ರದ ದೃಷ್ಟಿಯಿಂದ ಅವರ ಗುಮಾನಿ ತಪ್ಪು. ರಾಜಕೀಯದ ದೃಷ್ಟಿಯಿಂದ ಅವರು ಎಣ್ಣೆಯನ್ನು ಸರಿಯಾಗಿಯೇ ಓದಿಕೊಂಡಿದ್ದರು.

ಐವತ್ತನಾಲ್ಕು ವರ್ಷ ಕಳೆಯಿತು. ಪಶ್ಚಿಮ ಏಷ್ಯಾದಿಂದ ಬಂದ ಅಹತಲ್ಲ ಎಂಬ ಬಿಷಪ್ಪನನ್ನು ಪೋರ್ಚುಗೀಸರು ಹಿಡಿದಿಟ್ಟು, ಕೊಚ್ಚಿಯಲ್ಲಿ ಇಳಿಯಲೂ ಬಿಡದೆ ಗೋವೆಗೆ ಸಾಗಿಸಿದರು. ಕೆರಳಿದ ಜನ 1653ರ ಜನವರಿ 3ರಂದು ಮಟ್ಟಾಂಚೇರಿಯ ಶಿಲುಬೆಗೆ ಹಗ್ಗ ಕಟ್ಟಿ, ಹಗ್ಗ ಹಿಡಿದು ಪ್ರಮಾಣ ಮಾಡಿದರು. ಅದು ಕೂನನ್ ಕುರಿಶು ಪ್ರಮಾಣ. ಇನ್ನು ತಮಗೊಬ್ಬ ಸ್ವಂತ ಬಿಷಪ್ ಬೇಕು. ಆದರೆ ಬಿಷಪ್ಪನನ್ನು ಮಾಡಲು ಬಿಷಪ್ಪನೇ ಬೇಕು. ಮೇ 22ರಂದು ಆಲಂಗಾಡಿನಲ್ಲಿ ಹನ್ನೆರಡು ಮಂದಿ ಪಾದ್ರಿಗಳು ಆರ್ಚ್‌ಡೀಕನ್ ಥೋಮನ ತಲೆಯ ಮೇಲೆ ಕೈಯಿಟ್ಟು ಅವನನ್ನು ಒಂದನೆಯ ಮಾರ್ ಥೋಮಾ ಮಾಡಿದರು. ಆಧಾರಕ್ಕೆ ಅಹತಲ್ಲನದೆಂದು ಹೇಳಲಾದ ಒಂದು ಪತ್ರ. ಸಿಂಧುವೇ ಅಸಿಂಧುವೇ ಎಂಬ ಚರ್ಚೆ ಅಂದೇ ಹುಟ್ಟಿತು. 1665ರಲ್ಲಿ ಜೆರುಸಲೇಮಿನಿಂದ ಬಿಷಪ್ ಮಾರ್ ಗ್ರಿಗೋರಿಯೋಸ್ ಅಬ್ದುಲ್ ಜಲೀಲ್ ಬಂದ ಮೇಲೂ ಆ ಚರ್ಚೆ ಪೂರ್ತಿ ನಿಲ್ಲಲಿಲ್ಲ. ಗಮನಿಸಬೇಕಾದದ್ದು, ಆಲಂಗಾಡಿನ ವಿವಾದದ ಕೇಂದ್ರದಲ್ಲಿ ಇದ್ದದ್ದು ಎಣ್ಣೆಯಲ್ಲ, ಕೈ. ಮಲಯಾಳಂ ಮಾತ್ರ ಬಿಷಪ್ಪರ ದೀಕ್ಷೆಯನ್ನು ‘ಮೆತ್ರಾಭಿಷೇಕಂ’ ಎಂದೇ ಕರೆಯುತ್ತದೆ.

ಮಲಯಾಳದ ಕೆಥೋಲಿಕರ ಪದಪಟ್ಟಿ ನೋಡಿದರೆ ಮೆಟ್ಟಿಲುಗಳು ಇನ್ನೂ ಸ್ಪಷ್ಟ. ಬಿಷಪ್ಪನಿಗೆ ಆಗುವುದು ಅಭಿಷೇಕ. ಸಾಮಾನ್ಯ ವಿಶ್ವಾಸಿಯ ದೃಢೀಕರಣಕ್ಕೆ ‘ಸ್ಥೈರ್ಯಲೇಪನಂ’. ಹಾಸಿಗೆ ಹಿಡಿದವನಿಗೆ ‘ರೋಗೀಲೇಪನಂ’. ದೊಡ್ಡವರಿಗೆ ಸುರಿಯುತ್ತಾರೆ, ಉಳಿದವರಿಗೆ ಹಚ್ಚುತ್ತಾರೆ. ನಿಜವಾಗಿ ‘ಮಷಹ್’ ಎಂಬ ಮೂಲ ಕ್ರಿಯೆಗೆ ಹತ್ತಿರವಾಗಿರುವುದು ರೋಗಿಗೆ ಸಿಕ್ಕ ಪದವೇ.

ಎಣ್ಣೆ ಅಧಿಕಾರಪತ್ರವಾಗಿ ತಿರುವನಂತಪುರದ ನ್ಯಾಯಾಲಯವನ್ನೂ ಏರಿತು. ಪ್ರಾಚೀನ ಸಿರಿಯನ್ ಸಭೆಗಳಲ್ಲಿ ಪವಿತ್ರ ತೈಲಕ್ಕೆ ‘ಮೂರೋನ್’ ಎಂದು ಹೆಸರು. ಗ್ರೀಕಿನ ‘ಮೈರೋನ್’ ಸಿರಿಯಾಕ್ ಮೂಲಕ ಬಂದದ್ದು. ಅದನ್ನು ಪವಿತ್ರಗೊಳಿಸುವ ಹಕ್ಕು ಪಾದ್ರಿಗಿಲ್ಲ. ಅಂತಿಯೋಕ್ಯದ ಪರಂಪರೆಯಲ್ಲಿ ಅದು ಸಭೆಯ ಹಿರಿಯ ತಲೆಯದು. ಅಂತಿಯೋಕ್ಯದ ಪಿತೃಪ್ರಧಾನ ಪತ್ರೋಸ್ ಸ್ವತಃ ಕೇರಳಕ್ಕೆ ಬಂದು 1876ರಲ್ಲಿ ಎರ್ನಾಕುಳಂ ಸೀಮೆಯ ಮುಳಂತುರುತ್ತಿಯಲ್ಲಿ ಮಹಾಸಭೆ ನಡೆಸಿ, ಅದೇ ವರ್ಷ ಅಲ್ಲಿಯೇ ಮೂರೋನನ್ನು ಪವಿತ್ರಗೊಳಿಸುವ ಕೂದಾಶೆಯನ್ನೂ ಮಾಡಿದರು. ಆ ಹೊತ್ತಿಗೆ ಮಾರ್ ಥೋಮನ ಪರಂಪರೆಯ ಮಲಂಕರ ಸಭೆ ಒಡೆದಿತ್ತು. ಅಂತಿಯೋಕ್ಯದ ದೀಕ್ಷೆ ಪಡೆದ ಜೋಸೆಫ್ ಮಾರ್ ದಿವನ್ನಾಸಿಯೋಸ್ ಒಂದೆಡೆ. ಸುಧಾರಣೆಯ ಪಕ್ಷದ, ಸ್ಥಳೀಯ ಮೆತ್ರಾನನಿಂದಲೇ, ಅಂದರೆ ಬಿಷಪ್ಪನಿಂದಲೇ, ದೀಕ್ಷೆ ಪಡೆದ ಥಾಮಸ್ ಮಾರ್ ಅತನಾಸಿಯೋಸ್ ಇನ್ನೊಂದೆಡೆ. ಕೋಟ್ಟಯಂ ಸೆಮಿನರಿಯೂ ಆಸ್ತಿಯೂ ಯಾರದು ಎಂಬ ವ್ಯಾಜ್ಯ ತಿರುವಾಂಕೂರಿನ ರಾಯಲ್ ಕೋರ್ಟಿಗೆ ಹೋಯಿತು. ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಹಿಂದೂಗಳು, ಒಬ್ಬ ಇಂಗ್ಲಿಷ್ ಹೆಸರಿನ ಕ್ರೈಸ್ತ. 1889ರಲ್ಲಿ ಆ ಇಬ್ಬರ ಬಹುಮತ ದಿವನ್ನಾಸಿಯೋಸ್ ಕಡೆಗೆ ಬಿತ್ತು, ಕ್ರೈಸ್ತ ನ್ಯಾಯಾಧೀಶ ಓರ್ಮ್ಸ್‌ಬಿ ಭಿನ್ನಮತ ಬರೆದ. ಅಂತಿಯೋಕ್ಯದ ಆಧ್ಯಾತ್ಮಿಕ ಮೇಲಧಿಕಾರ ಯಾವುದರಲ್ಲಿದೆ ಎಂದು ತೀರ್ಪು ಎಣಿಸಿ ಹೇಳುತ್ತದೆ: ಮೆತ್ರಾಪೊಲೀತರಿಗೆ ದೀಕ್ಷೆ ಕೊಡುವುದು, ಸಭೆಯ ಆಧ್ಯಾತ್ಮಿಕ ಆಡಳಿತದ ಮೇಲ್ವಿಚಾರಣೆ, ಮತ್ತು ಜ್ಞಾನಸ್ನಾನ ಮುಂತಾದವಕ್ಕೆ ಬೇಕಾದ ಮೂರೋನ್ ಕಳಿಸಿಕೊಡುವುದು. ಆಸ್ತಿಯ ಆಡಳಿತಕ್ಕೆ ಆ ಅಧಿಕಾರ ಹಬ್ಬುವುದಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಇದೇ ಸಭೆಯ ವ್ಯಾಜ್ಯ ತೀರ್ಮಾನಿಸುವಾಗಲೂ ಆ ತೀರ್ಪನ್ನು ತೆರೆದು ನೋಡಬೇಕಾಯಿತು.

ರಾಯಲ್ ಕೋರ್ಟಿನ ತೀರ್ಪು ಬಂದ ತಿರುವನಂತಪುರದ ಒಡೆಯ ಅನಂತಪದ್ಮನಾಭ. 1750ರಲ್ಲಿ ತಿರುವಾಂಕೂರಿನ ಅರಸ ಮಾರ್ತಾಂಡವರ್ಮ ರಾಜ್ಯವನ್ನೇ ಅವನಿಗೆ ಒಪ್ಪಿಸಿದ ಮೇಲೆ ಅರಸರು ಪದ್ಮನಾಭದಾಸರಾದರು. ಅಲ್ಲಿನ ಮೂಲಮೂರ್ತಿ ಕಟುಶರ್ಕರ ಎಂಬ ಗಾರೆಯಂಥ ಪಾಕದ್ದು. ನೀರು ಬಿದ್ದರೆ ಕೆಡುತ್ತದೆಂದು ಅದಕ್ಕೆ ಅಭಿಷೇಕವಿಲ್ಲ, ಬೇರೆ ಮೂರ್ತಿಗೆ ಮಾಡುತ್ತಾರೆ. ಅಭಿಷೇಕವಿಲ್ಲದೆಯೂ ಆ ದೊರೆತನಕ್ಕೆ ಕೊರತೆಯೇನೂ ಆಗಿಲ್ಲ.

ಕಳೆದ ನೂರು ವರ್ಷಗಳಲ್ಲಿ ಪದಕ್ಕೆ ಮತ್ತೊಂದು ಜನ್ಮ. 1910ರ ದಶಕದಿಂದ ತಿರುವಾಂಕೂರಿನಲ್ಲಿ ಬೆಳೆದ ಪೆಂಟೆಕೋಸ್ಟಲ್ ಸಭೆಗಳು ಮೂರೋನನ್ನೂ ಮೆತ್ರಾನನನ್ನೂ ಪಕ್ಕಕ್ಕಿಟ್ಟವು. ಅಲ್ಲಿ ಅಭಿಷೇಕ ಎಂದರೆ ಪವಿತ್ರಾತ್ಮದ ಇಳಿತ. ಯಾರ ಮೇಲೂ ಇಳಿಯಬಹುದು. ಓದು ಬರದ ಹೆಂಗಸೂ ಎದ್ದು ಸಾಕ್ಷಿ ಹೇಳಬಹುದು. ಯೋಹಾನನ ಮೊದಲನೆಯ ಪತ್ರವೂ ಅಭಿಷೇಕ ಎಲ್ಲ ವಿಶ್ವಾಸಿಗಳಿಗೆ ಸಂದದ್ದೆಂದೇ ಹೇಳುತ್ತದೆ. ಕೆಥೋಲಿಕರ ಕರಿಸ್ಮಾಟಿಕ್ ಕೂಟಗಳು ಈ ಪದವನ್ನು ಎತ್ತಿಕೊಂಡು ‘ಅಭಿಷೇಕಾಗ್ನಿ’ ಎಂಬ ಹೆಸರನ್ನೇ ಹುಟ್ಟಿಸಿವೆ. ಸುರಿಯುವ ಪದ ಉರಿಯತೊಡಗಿದೆ. ನಮ್ಮ ಪ್ರಾರ್ಥನಾ ಕೂಟಗಳಲ್ಲೂ ‘ಪಾಸ್ಟರಿಗೆ ಒಳ್ಳೇ ಅಭಿಷೇಕ ಇದೆ’ ಎನ್ನುವ ಮಾತು ಕೇಳಿಸುತ್ತದೆ. ಇಲ್ಲಿಯೂ ಮೆಟ್ಟಿಲು ಮರಳಿ ಬಂತು: ಕೆಲವರಿಗೆ ಅಭಿಷೇಕ ಜಾಸ್ತಿ. ಲೆಕ್ಕ ಕೇಳಿದವರ ಬಾಯಿ ಮುಚ್ಚಿಸಲು, ಅಭಿಷಿಕ್ತರನ್ನು ಮುಟ್ಟಬಾರದೆಂಬ 105ನೆಯ ಕೀರ್ತನೆಯ ಮಾತನ್ನು ತೋರಿಸುವವರಿದ್ದಾರೆ. ಆ ಕೀರ್ತನೆಯಲ್ಲಿ ಎಚ್ಚರಿಕೆ ಹೋಗುವುದು ಅರಸರಿಗೆ. ಅಲ್ಲಿ ಅಭಿಷಿಕ್ತರೆಂದರೆ ಸ್ವಂತ ನೆಲವಿಲ್ಲದೆ ನಾಡಿನಿಂದ ನಾಡಿಗೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರ ಸಣ್ಣ ಗುಂಪು. ಬಲವಿಲ್ಲದವರಿಗೆ ಇದ್ದ ಗುರಾಣಿಯನ್ನು ವೇದಿಕೆಯ ಮೇಲಿನವರು ಎತ್ತಿಕೊಂಡರೆ ಅದು ಕೀರ್ತನೆಯ ಓದು ಅಲ್ಲ, ಕಳವು.

ಸುವಾರ್ತೆಗಳನ್ನು ಎಣ್ಣೆಯ ಕಣ್ಣಿನಿಂದಲೇ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ‘ಎಣ್ಣೆ ಹಚ್ಚಿಸಿಕೊಂಡವನು’ ಎಂದು ಬಿರುದು ಪಡೆದ ಯೇಸುವಿನ ತಲೆಗೆ ಯಾವ ಯಾಜಕನೂ, ಯಾವ ಪ್ರವಾದಿಯೂ ಎಣ್ಣೆ ಹಾಕಿದ ಪ್ರಸಂಗ ಅಲ್ಲಿಲ್ಲ. ಮಾರ್ಕ ಹೇಳುವಂತೆ, ಹಾಕಿದವಳು ಬೇಥಾನ್ಯದಲ್ಲಿ ಕುಷ್ಠರೋಗಿ ಸಿಮೋನನೆಂಬವನ ಮನೆಯಲ್ಲಿ ಒಬ್ಬ ಹೆಂಗಸು. ಮಾರ್ಕನಲ್ಲಿ ಅವಳಿಗೆ ಹೆಸರೂ ಇಲ್ಲ. ಅವಳಿಗೆ ಅಧಿಕಾರ ಕೊಟ್ಟವರಿಲ್ಲ. ಮುನ್ನೂರು ದಿನಾರಿಗೂ ಹೆಚ್ಚು ಬೆಲೆಯ ಸುಗಂಧ ಹಾಳಾಯಿತೆಂದು ಗೊಣಗಿದವರು ಮಾತ್ರ ಇದ್ದರು. ಯಾರ ಕೈಯಿಂದ ಬಂದರೆ ಸಿಂಧು ಎಂಬ ಪ್ರಶ್ನೆಯನ್ನು ಯೇಸು ಎತ್ತಲೇ ಇಲ್ಲ, ಅವಳ ಪರ ನಿಂತ.

ರೋಮ್ ಕೂಡ ಎಣ್ಣೆಯ ಬೇಲಿಯನ್ನು ಒಂದಿಷ್ಟು ಸಡಿಲಿಸಿದೆ. ಆಲಿವ್ ಸಿಗದ ಕಡೆ ರೋಗಿಗಳಿಗೆ ಬೇರೆ ಸಸ್ಯದ ಎಣ್ಣೆಯೂ ಆಗಬಹುದೆಂದು 1972ರಲ್ಲಿ ಆರನೆಯ ಪೌಲ್ ಪೋಪರ ಆಜ್ಞೆ ಹೊರಟಿತು. ಆಶೀರ್ವಾದ ಬೇಕೆಂಬ ನಿಯಮ ಉಳಿದಿದೆ. ಆದರೂ ಉದಯಂಪೇರೂರಿನಲ್ಲಿ ದೂರಿಗೆ ಒಳಗಾದ ತೆಂಗಿನೆಣ್ಣೆ 373 ವರ್ಷಗಳ ಮೇಲೆ ಪವಿತ್ರವಾಗಲು ಅರ್ಹತೆ ಪಡೆಯಿತು. ಪದವನ್ನೂ ಹಾಗೆಯೇ ಸಡಿಲಿಸಬಹುದೆಂದು ನನ್ನ ಆಸೆ. ಬಿಷಪ್ಪನಿಗಾಗಲಿ ಪಾಸ್ಟರಿಗಾಗಲಿ ಅಭಿಷೇಕ ಬೇಡ ಎಂದಲ್ಲ. ಮುಳಂತುರುತ್ತಿಯ ಮೂರೋನ್ ಕೂಡ ನ್ಯಾಯಾಲಯಕ್ಕೆ ಅಲೆಯುವುದಕ್ಕಲ್ಲ, ಕೊನೆಗೆ ಹಚ್ಚಲ್ಪಡಬೇಕಾದದ್ದು ಆಗತಾನೆ ಸ್ನಾನವಾದ ಕೂಸಿನ ಮೈಗೆ. ಒಬ್ಬನಿಗೆ ಅಭಿಷೇಕವಾಗಿದೆಯೇ ಎಂದು ತಿಳಿಯಬೇಕಾದರೆ ಅವನ ನೆತ್ತಿಯ ಬದಲು ಅಂಗೈ ನೋಡಿದರಾಯಿತು: ಅಲ್ಲಿನ ಎಣ್ಣೆ ಬೇರೆಯವರ ಮೈಗೆ ಹಚ್ಚಿದ್ದಾಗಿದ್ದರೆ ಅದು ಅಭ್ಯಂಜನದ ಕೈ, ಬೈಬಲ್ಲಿನ ಅಭಿಷೇಕವೂ ಅದೇ.