ಕರವಿಲ್ಲದವರ ಪಂಕ್ತಿ

ರಾಜನು ಪ್ರಜೆಗಳಿಂದ ಕರವನ್ನು ಸ್ವೀಕರಿಸುವುದು ರಕ್ಷಣೆಗೆ ಪ್ರತಿಯಾಗಿ ಎಂಬುದು ಎಲ್ಲ ದೇಶಗಳ ಹಿರಿಯರೂ ಒಪ್ಪಿದ ಮಾತು. ನಮ್ಮ ಸ್ಮೃತಿಕಾರರು ಬೆಳೆಯ ಆರರಲ್ಲೊಂದು ಪಾಲನ್ನು ರಾಜಭಾಗವೆಂದು ಹೇಳಿದರು. ಜೊತೆಯಲ್ಲಿಯೇ ಶ್ರೋತ್ರಿಯನಿಂದ ಕರವನ್ನು ತೆಗೆಯಕೂಡದೆಂದೂ ವಿಧಿಸಿದರು. ನಮ್ಮ ಶಾಸನಗಳಲ್ಲಿ ಕಾಣುವ ಸರ್ವಮಾನ್ಯ, ಉಂಬಳಿ ಮೊದಲಾದವು ಇಂತಹ ವಿನಾಯಿತಿಗಳೇ. ವಿನಾಯಿತಿಯು ಒಂದು ಕಾರ್ಯಕ್ಕೆ ಪ್ರತಿಫಲವಾಗಿರುವವರೆಗೆ ಅದರ ಬೆಲೆಯೇನೆಂಬುದನ್ನು ಲೋಕವು ಅಷ್ಟಾಗಿ ವಿಚಾರಿಸುವುದಿಲ್ಲ. ಕಾರ್ಯವು ನಿಂತು ವಿನಾಯಿತಿಯೊಂದೇ ಉಳಿದರೆ, ಮತ್ತು ಅದು ಹಣ ಕೊಟ್ಟವನಿಗೆ ದೊರೆಯುವ ಸರಕಾದರೆ, ಆಗ ಏನಾಗುವುದೆಂಬುದಕ್ಕೆ ಫ್ರಾನ್ಸ್ ದೇಶದ ಚರಿತ್ರೆಯಷ್ಟು ಸ್ಪಷ್ಟವಾದ ನಿದರ್ಶನವು ಬೇರೆ ಕಡೆ ದೊರೆಯುವುದು ದುರ್ಲಭ. 1789ರ ಮಹಾಕ್ರಾಂತಿಯ ಕೋಲಾಹಲವನ್ನು ವಾಚಕರು ಬಲ್ಲರು. ಆ ಕೋಲಾಹಲದ ಹಿಂದಿದ್ದ ಕರದ ಲೆಕ್ಕವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉದ್ದೇಶ.

ಆ ರಾಜ್ಯದ ಪ್ರಜೆಗಳು ಮೂರು ವರ್ಗಗಳಾಗಿ ವಿಭಕ್ತರಾಗಿದ್ದರು. ಪ್ರಾರ್ಥಿಸುವ ಪಾದ್ರಿಗಳು ಮೊದಲನೆಯವರು, ಯುದ್ಧಮಾಡುವ ಕುಲೀನರು ಎರಡನೆಯವರು, ದುಡಿಯುವ ಉಳಿದವರೆಲ್ಲರೂ ಮೂರನೆಯವರು. ಮೊದಲ ಎರಡು ವರ್ಗಗಳು ಸೇರಿದರೂ ನೂರು ಜನರಲ್ಲಿ ಇಬ್ಬರಾಗುತ್ತಿರಲಿಲ್ಲ. ಕುಲೀನನು ರಣರಂಗದಲ್ಲಿ ರಕ್ತವನ್ನೇ ಕರವಾಗಿ ತೆರುವವನು, ಆದುದರಿಂದ ಹಣದ ಕರವು ಅವನಿಗೆ ಸಲ್ಲದು ಎಂಬುದು ವಿನಾಯಿತಿಗೆ ಕೊಡುತ್ತಿದ್ದ ಕಾರಣ. ಆದರೆ ಇಂಗ್ಲಿಷರೊಡನೆ ನಡೆದ ದೀರ್ಘಯುದ್ಧದ ಕಾಲದಲ್ಲಿ, 1439ರಲ್ಲಿ, ಏಳನೆಯ ಚಾರ್ಲ್ಸ್ ರಾಜನು ಸಂಬಳದ ಸೈನ್ಯಕ್ಕಾಗಿ ಜನರ ಮೇಲೆ ಕರವೆತ್ತುವ ಹಕ್ಕನ್ನು ತನ್ನೊಬ್ಬನದಾಗಿ ಮಾಡಿಕೊಂಡನು. ಅದು ಬರಬರುತ್ತ ವರ್ಷಂಪ್ರತಿಯ ಸ್ಥಿರವಾದ ಕರವಾಯಿತು. ಇದಕ್ಕೆ ‘ತಾಯ್’ ಎಂದು ಹೆಸರು. ಹೆಸರನ್ನು ಕೇಳಿ ಕನ್ನಡಿಗರು ಭ್ರಮಿಸಬಾರದು. ಇದರಲ್ಲಿ ತಾಯ್ತನದ ಲೇಶವೂ ಇರಲಿಲ್ಲ. ಸೈನ್ಯಕ್ಕೆ ಸಂಬಳವು ಬೊಕ್ಕಸದಿಂದ ಹೋಗಹತ್ತಿದ ಮೇಲೂ, ಯುದ್ಧಕ್ಕೆ ಹೋಗದ ಕುಲೀನನ ವಿನಾಯಿತಿಯು ಹಾಗೆಯೇ ಉಳಿಯಿತು.

ದಕ್ಷಿಣದ ಕೆಲವು ಪ್ರಾಂತಗಳಲ್ಲಿ ಈ ಕರವು ಭೂಮಿಯ ಜಾತಿಯನ್ನು ನೋಡುತ್ತಿತ್ತು. ಹೆಚ್ಚಿನ ಕಡೆಗಳಲ್ಲಿ ಮನುಷ್ಯನ ಜಾತಿಯನ್ನು ನೋಡುತ್ತಿತ್ತು. ಗ್ರಾಮಕ್ಕೆ ಇಷ್ಟು ಮೊತ್ತವೆಂದು ಮೇಲಿನಿಂದ ಗೊತ್ತುಮಾಡಿ ಕಳುಹಿಸುವರು. ಅದನ್ನು ಮನೆಮನೆಗೆ ಹಂಚಿ ವಸೂಲು ಮಾಡುವ ಭಾರವು ಗ್ರಾಮದವರಲ್ಲಿಯೇ ಒಬ್ಬನ ಕೊರಳಿಗೆ ಬೀಳುತ್ತಿತ್ತು. ವಸೂಲಾಗದಿದ್ದರೆ ಅವನಿಗೆ ಸೆರೆಮನೆ. ಅವನಾದರೋ ನೆರೆಯವರ ಸ್ಥಿತಿಗತಿಯನ್ನು ಕಣ್ಣಳತೆಯಿಂದ ನಿರ್ಣಯಿಸಬೇಕಾಗಿದ್ದುದರಿಂದ, ಉಂಡು ಉಟ್ಟು ಚೆನ್ನಾಗಿರುವಂತೆ ಕಾಣುವುದೇ ಅಪಾಯವಾಯಿತು. ರೂಸೋ ಪಂಡಿತನು ತನ್ನ ಆತ್ಮಚರಿತ್ರೆಯಲ್ಲಿ, ಹಸಿದು ಬಂದ ತನಗೆ ರೈತನೊಬ್ಬನು ಮೊದಲು ಒರಟು ರೊಟ್ಟಿಯನ್ನಿಟ್ಟು, ಇವನು ಕರದ ಗುಪ್ತಚಾರನಲ್ಲವೆಂದು ನಂಬಿಕೆಯಾದ ಮೇಲೆ ನೆಲಮಾಳಿಗೆಯಿಂದ ಒಳ್ಳೆಯ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತಂದ ಸಂಗತಿಯನ್ನು ಬರೆದಿದ್ದಾನೆ. ಏಳಿಗೆಯನ್ನು ಬಚ್ಚಿಡಬೇಕಾದ ರೈತನು ಒಳ್ಳೆಯ ಎತ್ತನ್ನು ಕೊಳ್ಳಲು ಸಹ ಹಿಂದೆಗೆಯುವನಲ್ಲವೆ? ಉಪ್ಪಿನ ಕರವಾದ ಗಬೆಲ್ ಇನ್ನೂ ವಿಚಿತ್ರ. ಅನೇಕ ಪ್ರಾಂತಗಳಲ್ಲಿ ಎಂಟು ವರ್ಷಕ್ಕೆ ಮೇಲ್ಪಟ್ಟ ಪ್ರತಿಯೊಬ್ಬರ ಲೆಕ್ಕದಲ್ಲಿಯೂ ಇಷ್ಟು ಉಪ್ಪನ್ನು ಸರ್ಕಾರದ ಉಗ್ರಾಣದಿಂದ ಕೊಳ್ಳಲೇಬೇಕು. ಆದರೆ ದೊಡ್ಡ ಅಧಿಕಾರಿಗಳಿಗೂ ಅನೇಕ ಮಠಗಳಿಗೂ ಅದೇ ಉಪ್ಪು ಕರವಿಲ್ಲದೆ ಸಲ್ಲುತ್ತಿತ್ತು.

ಹಾಗಾದರೆ ಕೆಳಗಿನವನು ಮೇಲಕ್ಕೇರಲು ದಾರಿಯೇ ಇರಲಿಲ್ಲವೆ? ಇದ್ದಿತು, ವಿಷಯದ ಮರ್ಮವೆಲ್ಲ ಇಲ್ಲಿಯೇ ಇರುವುದು. ಫ್ರಾನ್ಸಿನ ಅರಸರು ಹಣದ ಅಡಚಣೆಯಾದಾಗಲೆಲ್ಲ ಅಧಿಕಾರದ ಹುದ್ದೆಗಳನ್ನು ಮಾರುತ್ತಿದ್ದರು. 1604ರಿಂದ, ಹುದ್ದೆಯ ಬೆಲೆಯ ಅರುವತ್ತನೆಯ ಒಂದಂಶವನ್ನು ವರ್ಷವರ್ಷವೂ ಸಲ್ಲಿಸಿದವನ ಹುದ್ದೆಯು ಅವನ ಮಕ್ಕಳಿಗೂ ಸಲ್ಲುವ ಆಸ್ತಿಯಾಯಿತು. ಇವುಗಳಲ್ಲಿ ಕೆಲವು ಕೊಂಡವನನ್ನು ಕುಲೀನನನ್ನಾಗಿ ಮಾಡುತ್ತಿದ್ದುವು. ‘ರಾಜನ ಕಾರ್ಯದರ್ಶಿ’ ಎಂಬ ಹುದ್ದೆಯು ಅವುಗಳಲ್ಲಿ ಪ್ರಸಿದ್ಧವಾದುದು. ಇಂತಹ ಕಾರ್ಯದರ್ಶಿಗಳು ನೂರಾರು ಮಂದಿ. ಅವರಲ್ಲಿ ಬಹುಮಂದಿಗೆ ಬರೆಯಬೇಕಾದ ಪತ್ರವೇ ಇಲ್ಲ! ಇಪ್ಪತ್ತು ವರ್ಷ ಹುದ್ದೆಯಲ್ಲಿದ್ದರೆ, ಅಥವಾ ಹುದ್ದೆಯಲ್ಲಿರುವಾಗಲೇ ತೀರಿಕೊಂಡರೆ, ಸಂತತಿಯೆಲ್ಲ ಕುಲೀನ. ಜನರು ಇದನ್ನು ‘ಹೀನಕುಲದವನ ಸಾಬೂನು’ ಎಂದು ಹಾಸ್ಯಮಾಡುತ್ತಿದ್ದರು. ಗಡಿಯಾರ ಮಾಡುವವನ ಮಗನಾಗಿ ಹುಟ್ಟಿ ನಾಟಕಕಾರನಾಗಿ ಖ್ಯಾತನಾದ ಬೋಮಾರ್ಷೆಯೂ 1761ರಲ್ಲಿ ಈ ಹುದ್ದೆಯನ್ನು ಕೊಂಡವನೇ. ಹದಿನಾಲ್ಕನೆಯ ಲೂಯಿ ರಾಜನು 1696ರಲ್ಲಿ ಐದು ನೂರು ಕುಲೀನತಾಪತ್ರಗಳನ್ನು ಒಮ್ಮೆಗೇ ಮಾರಾಟಕ್ಕಿಟ್ಟನು.

ಇದನ್ನು ಕೆಲವರು ಸಮಾಜದ ಔದಾರ್ಯವೆಂದು ಹೊಗಳಿದ್ದುಂಟು. ಬಾಗಿಲು ಮುಚ್ಚಿರಲಿಲ್ಲವೆಂಬುದು ನಿಜ. ಆದರೆ ಗ್ರಾಮದ ಮೇಲಿನ ಮೊತ್ತವು ಮೊದಲೇ ಗೊತ್ತಾದುದು. ಅಲ್ಲಿಯ ಅತ್ಯಂತ ಸ್ಥಿತಿವಂತನು ಕುಲೀನತೆಯನ್ನು ಕೊಂಡರೆ, ಅಥವಾ ಈ ಕರವಿಲ್ಲದ ಪ್ಯಾರಿಸಿನಂತಹ ಪಟ್ಟಣಕ್ಕೆ ವಾಸವನ್ನು ಬದಲಿಸಿದರೆ, ಅವನ ಪಾಲೂ ಉಳಿದವರ ಮೇಲೆ ಬೀಳುವುದು. ಹೀಗೆ ಏಣಿಯನ್ನು ಹತ್ತಿದ ಪ್ರತಿಯೊಬ್ಬನೂ ತನ್ನ ಹೊರೆಯನ್ನು ಕೆಳಗೆ ನಿಂತವನ ತಲೆಯ ಮೇಲಿಟ್ಟು ಹತ್ತಿದನು. ರಾಜನಾದರೋ ಈ ಹೊತ್ತಿನ ಕೈಗಾಸಿಗಾಗಿ ಮುಂದಿನ ತಲೆಮಾರುಗಳ ಆದಾಯವನ್ನು ವಿಕ್ರಯಿಸಿದನು. ಕರವು ಹೆಚ್ಚಿದಷ್ಟೂ ವಿನಾಯಿತಿಯ ಬೆಲೆಯೂ ಹೆಚ್ಚಿತು ಎಂಬ ಸೂಕ್ಷ್ಮವನ್ನು ತೋಕ್ವಿಲ್ ಎಂಬ ಚರಿತ್ರಕಾರನು 1856ರ ತನ್ನ ಗ್ರಂಥದಲ್ಲಿ ಚೆನ್ನಾಗಿ ತೋರಿಸಿದ್ದಾನೆ. ಇಷ್ಟರ ಮೇಲೆ, 1781ರಲ್ಲಿ, ನಾಲ್ಕು ತಲೆಮಾರು ಕುಲೀನರಲ್ಲದವರು ನೇರವಾಗಿ ಸೈನ್ಯದ ಅಧಿಕಾರಿಗಳಾಗಕೂಡದೆಂಬ ಆಜ್ಞೆಯು ಹೊರಟಿತು. ಹಣ ತೆತ್ತು ಒಳಗೆ ಬಂದವರಿಗೂ ಪಂಕ್ತಿಭೇದವು ತಪ್ಪಲಿಲ್ಲ.

ಈ ಅನ್ಯಾಯವು ಯಾರಿಗೂ ತಿಳಿದಿರಲಿಲ್ಲವೆನ್ನುವಂತಿಲ್ಲ. 1695ರಲ್ಲಿ ಯುದ್ಧದ ವೆಚ್ಚಕ್ಕಾಗಿ ವಿಧಿಸಿದ ತಲೆಗಂದಾಯವು ಪ್ರಜೆಗಳನ್ನು ಇಪ್ಪತ್ತೆರಡು ದರ್ಜೆಗಳಾಗಿ ಮಾಡಿ, ಯುವರಾಜನಿಗೆ 2000 ಲಿವ್ರ್, ಕಡೆಯವನಿಗೆ ಒಂದು ಲಿವ್ರ್ ಎಂದು ಗೊತ್ತುಮಾಡಿತ್ತು. ಆದರೆ 1710ರಲ್ಲಿ ಪಾದ್ರಿಗಳು ಒಮ್ಮೆಗೇ ಎರಡು ಕೋಟಿ ನಲವತ್ತು ಲಕ್ಷ ಲಿವ್ರ್ ಕೊಟ್ಟು ಅದರಿಂದ ಬಿಡುಗಡೆ ಪಡೆದರು. ಕುಲೀನರು ಪ್ರಭಾವದಿಂದ ತಮ್ಮ ಪಾಲನ್ನು ತಗ್ಗಿಸಿಕೊಂಡರು. 1776ರಲ್ಲಿ ಮಂತ್ರಿಯಾಗಿದ್ದ ತ್ಯೂರ್ಗೋ, ರೈತರಿಂದ ರಸ್ತೆಗಳಿಗೆ ಮಾಡಿಸುತ್ತಿದ್ದ ಬಿಟ್ಟಿಯನ್ನು ತೆಗೆದು, ಎಲ್ಲ ಭೂಸ್ವಾಮಿಗಳೂ ಕೊಡಬೇಕಾದ ಕರವನ್ನು ವಿಧಿಸಿದನು. ಪ್ಯಾರಿಸಿನ ಉಚ್ಚನ್ಯಾಯಸಭೆಯವರು, ಕುಲೀನನನ್ನು ಬಿಟ್ಟಿಗೆ ಒಳಪಟ್ಟವನ ಸಮಕ್ಕೆ ನಿಲ್ಲಿಸಿದರೆ ರಾಜ್ಯದ ಮರ್ಯಾದೆಯೇ ಅಳಿಯುವುದೆಂದು ಆಕ್ಷೇಪಿಸಿದರು. ಆ ಹುದ್ದೆಗಳೂ ಕೊಂಡ ಹುದ್ದೆಗಳೇ ಎಂಬುದನ್ನು ಮರೆಯತಕ್ಕದ್ದಲ್ಲ. ಮೇ ತಿಂಗಳಲ್ಲಿ ಮಂತ್ರಿಯು ಪದಚ್ಯುತನಾದನು. ಆಗಸ್ಟಿನಲ್ಲಿ ಬಿಟ್ಟಿಯು ಹಿಂದಿರುಗಿತು.

ಅಮೆರಿಕದ ಸ್ವಾತಂತ್ರ್ಯಯುದ್ಧದ ಸಾಲವು ಬೊಕ್ಕಸವನ್ನು ಕುಗ್ಗಿಸಿತು. 1788ರ ಲೆಕ್ಕದಲ್ಲಿ ವೆಚ್ಚದ ಸುಮಾರು ಅರ್ಧವು ಸಾಲದ ಬಾಬತಿಗೇ ಹೋಗುತ್ತಿತ್ತು. ಅದಕ್ಕೆ ಮುಂಚೆ, 1787ರ ಫೆಬ್ರವರಿಯಲ್ಲಿ, ಕಲೋನ್ ಮಂತ್ರಿಯು ಪ್ರಮುಖರ ಸಭೆಯನ್ನು ಕರೆದು, ಯಾರಿಗೂ ವಿನಾಯಿತಿಯಿಲ್ಲದ ಭೂಕಂದಾಯವೊಂದನ್ನು ಸೂಚಿಸಿದನು. ಸಭೆಯು ಅದನ್ನು ಒಪ್ಪಲಿಲ್ಲ. ಏಪ್ರಿಲಿನಲ್ಲಿ ಅವನೂ ಹೋದನು. ಕಡೆಗೆ, 1614ರಿಂದ ಕರೆಯದಿದ್ದ ಮೂರು ವರ್ಗಗಳ ಮಹಾಸಭೆಯನ್ನು 1789ರ ಮೇ 5ರಂದು ಕರೆಯಬೇಕಾಯಿತು.

ಅದೇ ವರ್ಷದ ಜುಲೈ 12ರಂದು ಆರ್ಥರ್ ಯಂಗ್ ಎಂಬ ಇಂಗ್ಲಿಷ್ ಕೃಷಿಪಂಡಿತನು ಷಾಂಪೇನ್ ಪ್ರಾಂತದ ದಾರಿಯಲ್ಲಿ ಬಡ ಹೆಂಗಸೊಬ್ಬಳನ್ನು ಕಂಡು ಮಾತನಾಡಿಸಿದನು. ಅವಳ ಮನೆಗೆ ತುಂಡು ಹೊಲ, ಒಂದು ಹಸು, ಒಂದು ಬಡಕಲು ಕುದುರೆ, ಏಳು ಮಕ್ಕಳು. ಒಡೆಯನೊಬ್ಬನಿಗೆ ಗೋಧಿ ಮತ್ತು ಮೂರು ಕೋಳಿ. ಇನ್ನೊಬ್ಬನಿಗೆ ಓಟ್ಸ್ ಧಾನ್ಯ, ಒಂದು ಕೋಳಿ ಮತ್ತು ಒಂದು ಕಾಸು. ಇದರ ಮೇಲೆ ರಾಜನ ಕರ. ಬೆನ್ನು ಬಾಗಿ ಮುಖ ಸುಕ್ಕುಗಟ್ಟಿದ್ದ ಅವಳಿಗೆ ಅರುವತ್ತೋ ಎಪ್ಪತ್ತೋ ಇರಬಹುದೆಂದು ನೋಡಿದವರು ಹೇಳುವಂತಿತ್ತು. ಅವಳು ಹೇಳಿಕೊಂಡ ವಯಸ್ಸು ಇಪ್ಪತ್ತೆಂಟು. ಎರಡು ದಿನಗಳ ಮೇಲೆ ಬಾಸ್ತೀಯ್ ಕೋಟೆಯು ಬಿದ್ದಿತು.

ಆಗಸ್ಟ್ 4ರ ರಾತ್ರಿ, ಹಳ್ಳಿಗಳಲ್ಲಿ ದಂಗೆಯ ಸುದ್ದಿಗಳು ಬರುತ್ತಿರುವಾಗ, ಕುಲೀನರೇ ಸಭೆಯಲ್ಲಿ ಎದ್ದು ತಮ್ಮ ವಿಶೇಷಾಧಿಕಾರಗಳನ್ನು ಒಪ್ಪಿಸಿಬಿಟ್ಟರು. ಅನಂತರದ ಶಾಸನದಲ್ಲಿ ಕರವಿನಾಯಿತಿಯೂ ಹುದ್ದೆಗಳ ಮಾರಾಟವೂ ರದ್ದಾದುವು. ಪ್ರಜೆಗಳೆಲ್ಲರೂ ಶಕ್ತ್ಯನುಸಾರವಾಗಿ ಕರವನ್ನು ಹೊರಬೇಕೆಂಬ ಸೂತ್ರವು ಆ ತಿಂಗಳ 26ರ ಮಾನವಹಕ್ಕುಗಳ ಘೋಷಣೆಯಲ್ಲಿ ಸೇರಿತು. ಅನೇಕ ಕುಲೀನರು ಆ ವರ್ಷದ ತಮ್ಮ ಬಿನ್ನವತ್ತಳೆಗಳಲ್ಲಿ ಹಣದ ವಿನಾಯಿತಿಯನ್ನು ಬಿಡಲು ತಾವಾಗಿಯೇ ಒಪ್ಪಿದ್ದರೆಂಬುದನ್ನು ಅವರ ಗೌರವಕ್ಕಾಗಿ ಹೇಳಬೇಕು. ಆದರೆ 1776ರಲ್ಲಿ ಒಪ್ಪಿದ್ದರೆ ಅದು ನ್ಯಾಯವೆನಿಸುತ್ತಿತ್ತು. 1787ರಲ್ಲಿ ಒಪ್ಪಿದ್ದರೆ ವಿವೇಕವೆನಿಸುತ್ತಿತ್ತು. 1789ರ ಆಗಸ್ಟಿನಲ್ಲಿ ಒಪ್ಪಿದುದನ್ನು ಜನರು ಭಯವೆಂದು ಎಣಿಸಿದರು. ಮುಂದಿನ ವರ್ಷ ಕುಲೀನತೆಯ ಹೆಸರೂ ಹೋಯಿತು.

ಯಾವ ವಿನಾಯಿತಿಯೂ ಕೂಡದೆಂಬುದು ಈ ಲೇಖನದ ತಾತ್ಪರ್ಯವಲ್ಲ. ವಿದ್ಯೆಗೂ ಧರ್ಮಕಾರ್ಯಕ್ಕೂ ಬಡತನಕ್ಕೂ ರಾಜ್ಯವು ಕೈ ಬಿಗಿಹಿಡಿಯದಿರುವುದು ಯುಕ್ತವೇ. ಆದರೆ ಪ್ರತಿಯೊಂದು ವಿನಾಯಿತಿಯನ್ನೂ ಕುರಿತು ಮೂರು ಪ್ರಶ್ನೆಗಳನ್ನು ಆಗಾಗ ಕೇಳುತ್ತಿರಬೇಕು: ಇದು ಯಾವ ಕಾರ್ಯಕ್ಕಾಗಿ ಕೊಟ್ಟದ್ದು? ಆ ಕಾರ್ಯವು ಈಗಲೂ ನಡೆಯುತ್ತಿರುವುದೆ? ಇವನು ಇಳಿಸಿದ ಹೊರೆಯನ್ನು ಹೊತ್ತವರು ಯಾರು? ವಿನಾಯಿತಿಯನ್ನು ಅನುಭವಿಸುವವರ ಮನೆಗಳಲ್ಲಿಯೇ ಈ ಪ್ರಶ್ನೆಗಳು ಮೊದಲು ಏಳುವುದಾದರೆ ರಾಜ್ಯಕ್ಕೂ ಕ್ಷೇಮ, ಅವರಿಗೂ ಕ್ಷೇಮ.