ಆತಕೂರಿನ ಕಲ್ಲು, ನಮ್ಮ ತೋಟದ ಕಲ್ಲು

ತಿಪಟೂರು ಸೀಮೆಯ ತೆಂಗಿನ ತೋಟದವರು ಬೆಂಗಳೂರಿಗೆ ಹೋಗುವುದು ಆಸ್ಪತ್ರೆಗೆ, ಇಲ್ಲವೆ ಕಚೇರಿಯ ಕೆಲಸಕ್ಕೆ. ನಾನೂ ಹಾಗೆಯೇ ಹೋದವನು, ಉಳಿದ ಎರಡು ಗಂಟೆಯನ್ನು ಕಳೆಯಲೆಂದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಹೊಕ್ಕೆ. ಅದು ಸ್ಥಾಪನೆಯಾದದ್ದು 1865ರಲ್ಲಿ.

ಅಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆತಕೂರಿನ ಶಾಸನ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಮಹಾಯುದ್ಧದ ಸಂಗತಿ ಅದರಲ್ಲಿದೆ. ಆದರೆ ಕಲ್ಲು ನೆಟ್ಟದ್ದು ಒಂದು ನಾಯಿಗಾಗಿ! ಗಂಗರ ಬೂತುಗನು ತನ್ನ ವೀರ ಮಣಲೇರನಿಗೆ ಮೆಚ್ಚಿ, ಬೇಕಾದುದನ್ನು ಕೇಳೆಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಕಾದಿತು; ಎರಡೂ ಸತ್ತವು. ಆ ಕಾಳಗವನ್ನು ಕಲ್ಲಿನ ಮೇಲ್ಭಾಗದಲ್ಲಿ ಕಂಡರಿಸಿದ್ದಾರೆ. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವೆಂದೂ ಬರೆದಿದೆ.

ಇದನ್ನು ತಿಳಿದಾಗ ನನಗೆ ನಾಚಿಕೆಯಾಯಿತು. ನಮ್ಮ ತೋಟದ ಬಾವಿಯ ಬಳಿ ಒಂದು ವೀರಗಲ್ಲು ಬಿದ್ದಿತ್ತು. ಮನೆಯವರಿಗೆ ಅದು ಬಟ್ಟೆ ಒಗೆಯುವ ಕಲ್ಲು. ಮೂರು ತಲೆಮಾರಿನ ಸೀರೆ ಪಂಚೆಗಳು ಅದರ ಅಕ್ಷರಗಳನ್ನು ಸವೆಸಿದವು. ಎಳೆತನದಲ್ಲಿ ನಾನೂ ಅದರ ಮೇಲೆ ಕಾಲುಜ್ಜಿದವನೇ. ತುರುಗಳಿಗಾಗಿ ಮಡಿದವನೋ, ಊರಿಗಾಗಿ ಮಡಿದವನೋ, ಆ ಪುಣ್ಯಾತ್ಮನ ಹೆಸರನ್ನು ನಾವೇ ತೊಳೆದುಬಿಟ್ಟೆವು.

ಹಾಗೆಂದು ಎಲ್ಲವನ್ನೂ ಬೆಂಗಳೂರಿಗೆ ಸಾಗಿಸಿರೆಂದರೆ ನಾನು ಒಪ್ಪೆ. ನಮ್ಮ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಚಾವಣಿಯಲ್ಲಿ, ಸುತ್ತ ದಿಕ್ಪಾಲಕರ ನಡುವೆ ಶಿವ ಕುಣಿಯುತ್ತಿದ್ದಾನೆ. ಒಂಬತ್ತನೆಯ ಶತಮಾನದ ಕೆಲಸ. ಅದನ್ನು ಕಣ್ತುಂಬ ನೋಡಲು ನೆಲದ ಮೇಲೆ ಅಂಗಾತ ಮಲಗಬೇಕು. ಆ ಸುಖ ಯಾವ ಸಂಗ್ರಹಾಲಯದಲ್ಲಿ ಉಂಟು?

ಊರಿಗೆ ಮರಳಿದ ಮರುದಿನ ಕಾಯಿ ಕೀಳುವವರ ನೆರವಿನಿಂದ ನಮ್ಮ ಕಲ್ಲನ್ನು ಎತ್ತಿ ನಿಲ್ಲಿಸಿದೆ. ಮಣ್ಣಿನಲ್ಲಿ ಹೂತಿದ್ದ ತುದಿಯಲ್ಲಿ ಎರಡು ಸಾಲು ಉಳಿದಿವೆ. ಬಲ್ಲವರು ಬಂದು ಓದಬೇಕು.